ಅಟ್ಟದಿಂದ ಇಳಿಯುವ ದರ್ಬಾರು

ಮೈಸೂರು ಅರಮನೆ ನೋಡಲು ಬಂದವರು ದರ್ಬಾರ್ ಹಾಲು, ಕಲ್ಯಾಣ ಮಂಟಪಗಳನ್ನು ತಲುಪುವ ಮೊದಲೇ ಹಾದುಹೋಗುವ ಜಾಗ ಗೊಂಬೆ ತೊಟ್ಟಿ. ಹತ್ತೊಂಬತ್ತನೇ ಶತಮಾನದ ಮತ್ತು ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಗೊಂಬೆಗಳು ಅಲ್ಲಿವೆ. ಹೆಚ್ಚಿನವರು ಒಮ್ಮೆ ಕಣ್ಣು ಹಾಯಿಸಿ ಮುಂದಕ್ಕೆ ನಡೆಯುತ್ತಾರೆ. ಬಣ್ಣದ ಗಾಜಿನ ಚಾವಣಿ ಒಳಗೆ ಕಾದಿರುವಾಗ ಗೊಂಬೆ ಯಾರಿಗೆ ಬೇಕು? ಆದರೂ ಯೋಚಿಸಬೇಕಾದ ಮಾತು ಇದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಬರೆದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಅಷ್ಟೆಲ್ಲ ಆಧುನಿಕ ಅಬ್ಬರದ ನಡುವೆಯೂ ಬಾಗಿಲ ಬಳಿಯ ಒಂದು ತೊಟ್ಟಿಗೆ ಗೊಂಬೆಗಳ ಹೆಸರೇ ನಿಂತಿತು.

ಪ್ರವಾಸೋದ್ಯಮದ ಭಿತ್ತಿಪತ್ರಗಳಲ್ಲಿ ದಸರೆ ಎಂದರೆ ಆನೆ, ಅಂಬಾರಿ, ಬನ್ನಿಮಂಟಪ, ಪಂಜಿನ ಕವಾಯತು. ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ದಸರೆ ಶುರುವಾಗುವುದು ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸುವುದರಿಂದ. ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಟ್ರಂಕಿನ ಮುಚ್ಚಳ ತೆರೆಯುತ್ತದೆ, ನುಸಿ ಗುಳಿಗೆಯ ವಾಸನೆ ಮನೆ ತುಂಬುತ್ತದೆ, ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಕೃಷ್ಣ, ಶೆಟ್ಟಿ, ಸಿಪಾಯಿ, ಗಾಂಧೀಜಿ ಒಬ್ಬೊಬ್ಬರೇ ಹೊರಬರುತ್ತಾರೆ. ಯಾರದೋ ಮೂಗು ಮುರಿದಿರುತ್ತದೆ, ಯಾರದೋ ಕೈ ಅರಿಶಿನದ ದಾರದಲ್ಲಿ ಕಟ್ಟಿಸಿಕೊಂಡಿರುತ್ತದೆ. ನಡುಕೋಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತು ಒಂಬತ್ತು ದಿನ ಅವರದೇ ದರ್ಬಾರು.

ಈ ದರ್ಬಾರಿಗೆ ಶಾಸನ ಬರೆಸಿದವರಿಲ್ಲ. ಹೆಂಗಸರು ಮನೆಯೊಳಗೆ ನಡೆಸಿಕೊಂಡು ಬಂದ ಪದ್ಧತಿಗಳ ಗತಿಯೇ ಅಷ್ಟು. ಹಾಗಾಗಿ ಅದರ ಚರಿತ್ರೆಯನ್ನು ಅರಮನೆಯ ಹಬ್ಬದ ಜೊತೆಗಿಟ್ಟು ಓದಬೇಕು.

ಹಂಪಿಯ ಮಹಾನವಮಿ ದಿಬ್ಬದಿಂದ ಹೊರಡೋಣ. ಅದು ಹಂತ ಹಂತವಾಗಿ ಏರುವ ಕಲ್ಲಿನ ಜಗತಿ. ಅದರ ಮೈತುಂಬ ಆನೆಗಳ ಸಾಲು, ಕುದುರೆ ಹಿಡಿದ ವರ್ತಕರು, ಒಂಟೆ, ಬೇಟೆ, ಕೋಲಾಟದ ಹೆಂಗಸರು, ಟೊಪ್ಪಿಗೆಯ ಪರದೇಶಿಗಳು. 1443ರಲ್ಲಿ ಎರಡನೇ ದೇವರಾಯನ ಕಾಲದಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿಯ ಬಯಲಿನಲ್ಲಿ ಐದಂತಸ್ತಿನವರೆಗೂ ಏರಿದ್ದ ಮಂಟಪಗಳನ್ನು ಕಂಡ. ಅವುಗಳ ಮೇಲೆ ಮನುಷ್ಯರು, ಮೃಗಗಳು, ಹಕ್ಕಿಗಳು, ಕೊನೆಗೆ ನೊಣ ಸೊಳ್ಳೆಗಳ ಆಕೃತಿಗಳೂ ಇದ್ದವೆಂದು, ಕೆಲವು ಮಂಟಪಗಳು ತಿರುಗುತ್ತಿದ್ದವೆಂದು ಬರೆದಿಟ್ಟ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್ ಒಂಬತ್ತು ದಿನಗಳ ಕುಸ್ತಿ, ನೃತ್ಯ, ಬಾಣಬಿರುಸು, ಕುದುರೆ ಮೆರವಣಿಗೆಗಳನ್ನು ವಿವರವಾಗಿ ದಾಖಲಿಸಿದ. ಅಂತಸ್ತು ಅಂತಸ್ತಾಗಿ ಆಕೃತಿಗಳನ್ನು ಜೋಡಿಸಿ ಲೋಕವನ್ನೆಲ್ಲ ಒಂದೆಡೆ ತೋರಿಸುವ ಹಂಬಲ ಆಗಲೇ ಇತ್ತು ಎನ್ನಲು ರಜಾಕನ ಮಾತು ಸಾಕು. ಮನೆಯ ಗೊಂಬೆ ಮೆಟ್ಟಿಲು ನೇರವಾಗಿ ಅಲ್ಲಿಂದಲೇ ಇಳಿದು ಬಂತು ಎಂದು ವಾದಿಸುವ ಅಗತ್ಯವಿಲ್ಲ. ಆದರೆ ಎರಡರ ಹೋಲಿಕೆ ಕಣ್ಣಿಗೆ ಬೀಳದೆ ಇರುವುದಿಲ್ಲ.

1565ರಲ್ಲಿ ವಿಜಯನಗರ ಹಾಳಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅದೇ ವರ್ಷ ಅಲ್ಲಿ ನವರಾತ್ರಿ ನಡೆಸಿದರು. ವಿಜಯನಗರದ ಹಬ್ಬವನ್ನು ಮುಂದುವರಿಸುವುದೆಂದರೆ ವಿಜಯನಗರದ ಉತ್ತರಾಧಿಕಾರ ತಮ್ಮದು ಎಂದು ಸಾರುವುದೂ ಆಗಿತ್ತು. ಹಬ್ಬದ ಹಿಂದಿನ ದಿನ ಅವರ ಮಗ ನರಸರಾಜ ತೀರಿಕೊಂಡರೂ ಉತ್ಸವ ನಿಲ್ಲಿಸಲಿಲ್ಲ, ಮುಂದೆಯೂ ಸಾವಿನ ಕಾರಣಕ್ಕೆ ನಿಲ್ಲಿಸಕೂಡದೆಂದು ಕಟ್ಟಳೆ ಮಾಡಿದರು ಎಂಬ ಮಾತು ಮೈಸೂರಿನಲ್ಲಿ ಇಂದಿಗೂ ಇದೆ. ಸಾಮಾನ್ಯರ ಮನೆಗೆ ಈ ಕಟ್ಟಳೆ ದಾಟಲಿಲ್ಲ. ಮನೆಯಲ್ಲಿ ಹಿರಿಯರು ಹೋದರೆ ಆ ವರ್ಷ ಗೊಂಬೆ ಟ್ರಂಕಿನಲ್ಲೇ. ಬೀದಿಯ ಮಕ್ಕಳಿಗೂ ಅದು ಗೊತ್ತಿರುತ್ತಿತ್ತು. ಆ ಬಾಗಿಲನ್ನು ಅವರು ತಟ್ಟುತ್ತಿರಲಿಲ್ಲ.

ಗೊಂಬೆಗಳ ಚರಿತ್ರೆಯಲ್ಲಿ ಬಹಳ ಕುತೂಹಲದ ಘಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕನನ್ನು ಬ್ರಿಟಿಷರು ಪಟ್ಟಕ್ಕೆ ಕೂರಿಸಿದರು. ದಸರೆಯಲ್ಲಿ ವಿಶೇಷ ದರ್ಬಾರಿನ ಪದ್ಧತಿ 1805ರಲ್ಲಿ ಶುರುವಾಯಿತು ಎನ್ನುತ್ತಾರೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಮುಮ್ಮಡಿಯವರದು ರಾಜ್ಯಭಾರವಿಲ್ಲದ ರಾಜತ್ವ. ತೆರಿಗೆ ಕಮಿಷನರದು, ಸೈನ್ಯ ಬ್ರಿಟಿಷರದು; ಉಳಿದದ್ದು ಸಿಂಹಾಸನ, ಹಬ್ಬ, ಕಲೆ, ಆಟ. ಅವರು ಮನಸ್ಸಿಟ್ಟದ್ದೂ ಅಲ್ಲೇ. ಅವರ ಗ್ರಂಥ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳ ಬಗೆಬಗೆಯ ಆಟಗಳನ್ನು ಅವರು ರೂಪಿಸಿದರು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿ ಇಂದಿಗೂ ಜನ ಮುತ್ತಿಕೊಂಡು ನೋಡುವುದು ಒಂದು ಫ್ರೆಂಚ್ ಗಡಿಯಾರವನ್ನು. ಗಂಟೆಯಾಯಿತೆಂದರೆ ಅದರೊಳಗೆ ಪುಟ್ಟ ಸಿಪಾಯಿಗಳ ಕವಾಯತು ನಡೆಯುತ್ತದೆ. ನಿಜವಾದ ಕವಾಯತು ಬ್ರಿಟಿಷರ ಅಪ್ಪಣೆಯಲ್ಲಿದ್ದ ಊರಿನಲ್ಲಿ ಇಂಥ ಗಡಿಯಾರ ಉಳಿದದ್ದು ಎಂಥ ವಿಪರ್ಯಾಸ!

ಅಧಿಕಾರ ಕಳಚಿಬಿದ್ದ ಮೇಲೂ ದರ್ಬಾರು ನಡೆಯಬಲ್ಲದು ಎಂದು ಮೈಸೂರಿನ ಜನ ಐವತ್ತು ವರ್ಷ ಕಣ್ಣಾರೆ ಕಂಡರು. ದರ್ಬಾರು ಅಷ್ಟರಮಟ್ಟಿಗೆ ನೋಟದ ಸಂಗತಿಯಾದಾಗ ಅದನ್ನು ಮನೆಯ ನಡುಕೋಣೆಯಲ್ಲೂ ಜೋಡಿಸಬಹುದು ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

1881ರಲ್ಲಿ ಆಡಳಿತ ಮತ್ತೆ ಒಡೆಯರಿಗೆ ಬಂತು. ಅದರ ಹಿಂದಿನ ವರ್ಷ ದಸರಾ ವಸ್ತುಪ್ರದರ್ಶನ ಆರಂಭವಾಗಿತ್ತು. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ಬಂದವರು 144 ಮಂದಿ. ಸಭೆ ಕೂಡುತ್ತಿದ್ದುದು ದಸರೆಯ ಹೊತ್ತಿನಲ್ಲೇ. ಶಿವಮೊಗ್ಗ, ಚಿತ್ರದುರ್ಗ, ಕೋಲಾರ, ಹಾಸನಗಳ ಜಮೀನುದಾರರು, ವರ್ತಕರು ಕೆರೆ, ರಸ್ತೆ, ಕಂದಾಯದ ಅಹವಾಲು ಹಿಡಿದು ಮೈಸೂರಿಗೆ ಬರುತ್ತಿದ್ದರು, ಜಂಬೂಸವಾರಿ ನೋಡುತ್ತಿದ್ದರು, ವಸ್ತುಪ್ರದರ್ಶನದಲ್ಲಿ ಸುತ್ತುತ್ತಿದ್ದರು. ಅದೇ ದಶಕದಲ್ಲಿ ಬೆಂಗಳೂರು–ಮೈಸೂರು ರೈಲೂ ಓಡತೊಡಗಿತು. ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ಏನು ಹೋಯಿತು ಎಂದು ಸಭೆಯ ನಡವಳಿ ಬರೆದಿಲ್ಲ. ಮನೆಯಲ್ಲಿ ಮಕ್ಕಳಿದ್ದವರು ಬರಿಗೈಯಲ್ಲಿ ಹೋಗಿರಲಾರರು.

ಇನ್ನು ಪಟ್ಟದ ಗೊಂಬೆಗಳ ವಿಚಾರ. ಮೇಲಿನ ಮೆಟ್ಟಿಲಲ್ಲಿ ಕಲಶದ ಪಕ್ಕ ನಿಲ್ಲುವ ಗಂಡು ಹೆಣ್ಣಿನ ಜೋಡಿಯನ್ನು ಹಾಗೆನ್ನುತ್ತಾರೆ. ಅವಿಲ್ಲದೆ ಉಳಿದ ನೂರು ಗೊಂಬೆಗಳಿದ್ದರೂ ಗೊಂಬೆ ಕೂರಿಸಿದಂತಾಗದು. ಹಳೆಯ ಜೋಡಿಗಳು ರಕ್ತಚಂದನದ ಮರದವು. ಮುಖ ಚೌಕ, ಕೈಗಳು ಮೈಗೆ ಅಂಟಿಕೊಂಡಂತೆ, ಬಣ್ಣವಿಲ್ಲದ ಕಡುಗೆಂಪು. ತಿರುಪತಿಗೆ ಹೋದವರು ಕೊಂಡು ತರುತ್ತಿದ್ದರು. ರಕ್ತಚಂದನ ತಾನಾಗಿ ಬೆಳೆಯುವುದು ಕಡಪ, ಚಿತ್ತೂರು, ನೆಲ್ಲೂರು ಸುತ್ತಲಿನ ಪೂರ್ವಘಟ್ಟದ ಕಾಡುಗಳಲ್ಲಿ. ಕಳ್ಳಸಾಗಣೆಯ ಕಾಟದಿಂದ 1995ರಲ್ಲಿ ಆ ಮರ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಗೆ ಸೇರಿತು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಜೋಡಿಗಳು ಬೇರೆ ಮರಕ್ಕೆ ಕೆಂಪು ಬಳಿದವು. ಅಜ್ಜಿಯ ಕಾಲದ ಜೋಡಿಯನ್ನು ಕೈಯಲ್ಲಿ ಹಿಡಿದರೆ ಭಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಮದುವೆಯಲ್ಲಿ ತವರಿನವರು ಹೆಣ್ಣಿಗೆ ಈ ಜೋಡಿಯನ್ನು ಕೊಟ್ಟು ಕಳಿಸುತ್ತಿದ್ದರು. ಇಂದು ಅದು ಚಂದದ ಸಂಪ್ರದಾಯವಾಗಿ ಕಾಣುತ್ತದೆ; ಛಾಯಾಗ್ರಾಹಕರು ಅದಕ್ಕೊಂದು ಬೇರೆಯೇ ಚಿತ್ರ ತೆಗೆಯುತ್ತಾರೆ. ಆದರೆ 1894ರ ಮೈಸೂರು ಬಾಲ್ಯವಿವಾಹ ನಿಷೇಧ ಕಾಯಿದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಆ ಕಾಯಿದೆ ನಿಷೇಧಿಸಿತು. ಐವತ್ತು ದಾಟಿದ ಗಂಡಸರು ಹದಿನಾಲ್ಕರ ಒಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ತಡೆಯಿತು. ಅಂಥದ್ದಕ್ಕೆ ಕಾಯಿದೆ ಬೇಕಾಯಿತೆಂದರೆ ಅಂಥ ಮದುವೆಗಳು ನಡೆಯುತ್ತಿದ್ದವೆಂದೇ ಅರ್ಥ. ಮದುವೆಯ ಚಪ್ಪರದಲ್ಲಿ ಗೊಂಬೆ ಪಡೆದ ಹುಡುಗಿಗೆ ಅದು ಶುಭಸೂಚಕ ವಸ್ತುವಾಗುವ ಮೊದಲು ಆಟಿಕೆಯೇ ಆಗಿತ್ತು. ಅತ್ತೆಮನೆಯ ಅಡುಗೆಮನೆಯಲ್ಲಿ ಹೊಗೆ ಕುಡಿದು ಕಣ್ಣು ಕೆಂಪಾದ ಮಗುವಿಗೆ ವರ್ಷಕ್ಕೆ ಒಂಬತ್ತು ದಿನ ಎಲ್ಲರೆದುರು ಗೊಂಬೆಯಾಡಲು ಅನುಮತಿ. ಹಬ್ಬದ ಸೊಬಗನ್ನು ಹೊಗಳುವವರು ಇದನ್ನೂ ಒಂದು ಮಾತು ಹೇಳಬೇಕು.

ಆಸ್ತಿ, ಹೊಲ, ಮನೆ ಎಲ್ಲವೂ ಗಂಡುಮಕ್ಕಳ ಹೆಸರಿನಲ್ಲಿದ್ದ ಕಾಲದಲ್ಲಿ ಗೊಂಬೆ ಟ್ರಂಕು ಮಾತ್ರ ಹೆಂಗಸರ ಸ್ವತ್ತು. ತಾಯಿ ತನ್ನ ಗೊಂಬೆಗಳನ್ನು ಮಗಳಿಗೋ ಸೊಸೆಗೋ ಕೊಡುತ್ತಿದ್ದಳು. ಯಾರಿಗೆ ಯಾವುದು ಎಂಬುದರಲ್ಲಿ ಮುನಿಸುಗಳೂ ಆಗುತ್ತಿದ್ದವು. ಪಟ್ಟದ ಗೊಂಬೆಗೆ ಪ್ರತಿವರ್ಷ ಹೊಸ ಉಡುಗೆ. ರವಿಕೆ ಹೊಲಿದು ಮಿಕ್ಕ ಜರಿಯಂಚು ರಾಣಿಯ ಸೀರೆಯಾಗುತ್ತಿತ್ತು, ರಾಜನ ಪೇಟಕ್ಕೆ ರೇಷ್ಮೆ ಪಂಚೆಯ ಅಂಚು. ಬಂಗಾರದ ಅಂಗಡಿಯ ಪೆಟ್ಟಿಗೆಯಲ್ಲಿ ಬಂದ ಗುಲಾಬಿ ಕಾಗದವೂ ವ್ಯರ್ಥವಾಗುತ್ತಿರಲಿಲ್ಲ. ಮಣಿ ಕೆಲಸ ಬಲ್ಲವರು ಗೊಂಬೆಯ ಮೈಗೆಲ್ಲ ಗಾಜಿನ ಮಣಿಯ ಕವಚ ಹೆಣೆಯುತ್ತಿದ್ದರು.

ಮೆಟ್ಟಿಲು ಕಟ್ಟುವುದು ಮಾತ್ರ ಮನೆಯ ಗಂಡಸರ ಪಾಲಿನ ಕೆಲಸ. ಮೂರು, ಐದು, ಏಳು, ಒಂಬತ್ತು — ಸಂಖ್ಯೆ ಬೆಸವಾಗಿರಬೇಕು. ಅಡಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ: ಬೆಂಚು, ಸೀಮೆಎಣ್ಣೆ ಡಬ್ಬ, ಗೊಂಬೆ ತುಂಬಿದ್ದ ಅದೇ ಖಾಲಿ ಟ್ರಂಕು, ಹಲಗೆ ಸಾಲದಿದ್ದರೆ ಕಾನೂನು ಪುಸ್ತಕಗಳ ದಪ್ಪ ಸಂಪುಟಗಳು. ಮೇಲೆ ಬಿಳಿ ಪಂಚೆ ಹಾಸಿ ನಾಲ್ಕು ಗುಂಡುಸೂಜಿ ಚುಚ್ಚಿದರೆ ಎಲ್ಲವೂ ಮುಚ್ಚಿಹೋಗುತ್ತದೆ. ಮೇಲ್ಗಡೆ ಕಲಶ, ಪಟ್ಟದ ಗೊಂಬೆ. ಆಮೇಲೆ ದಶಾವತಾರ, ರಾಮಪಟ್ಟಾಭಿಷೇಕ. ಅದರ ಕೆಳಗೆ ಮೈಸೂರು ದರ್ಬಾರು, ಆನೆ ಅಂಬಾರಿ, ಭರ್ಜಿ ಹಿಡಿದ ಸವಾರರು, ವಾದ್ಯದವರು. ಇನ್ನೂ ಕೆಳಗೆ ಡೊಳ್ಳುಹೊಟ್ಟೆಯ ಶೆಟ್ಟಿ ಮತ್ತು ಆತನ ಹೆಂಡತಿ. ಶೆಟ್ಟಿಯ ಅಂಗಡಿಗೆ ನಿಜವಾದ ಸರಕೇ ಬೇಕು: ಬೊಗಸೆ ಅಕ್ಕಿ, ತೊಗರಿಬೇಳೆ, ಬೆಲ್ಲದ ಚೂರು, ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ. ಬೆಲ್ಲವನ್ನು ದಿನಕ್ಕೊಮ್ಮೆ ಬದಲಿಸಬೇಕಾಗುತ್ತಿತ್ತು. ಇರುವೆ ತಿಂದಿತು ಎಂದು ಮಕ್ಕಳು ಹೇಳುತ್ತಿದ್ದರು.

ನೆಲದ ಮೇಲೆ ಪಾರ್ಕು. ಹಬ್ಬಕ್ಕೆ ವಾರವಿರುವಾಗಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಪಾಡ್ಯದ ಹೊತ್ತಿಗೆ ಹಸಿರು ಹುಲ್ಲುಹಾಸು ಸಿದ್ಧ. ಅದರ ನಡುವೆ ಕನ್ನಡಿಯ ಕೊಳ, ಹತ್ತಿಯ ಬಾತುಕೋಳಿ, ಪ್ರಾಣಿಗಳಿದ್ದರೆ ಝೂ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಮುಂದೆ ಅರಮನೆಯ ಮೈಮೇಲೆ ಲಕ್ಷದ ಹತ್ತಿರ ದೀಪ ಹೊತ್ತಿದವು. ಮನೆಗಳಲ್ಲಿ ಗೊಂಬೆ ಮೆಟ್ಟಿಲಿನ ಅಂಚಿಗೆ ಸೀರಿಯಲ್ ಸೆಟ್ ಬಿತ್ತು. ಒಂದು ಬಲ್ಬು ಸುಟ್ಟರೆ ಇಡೀ ಸಾಲು ಆರುವ ಜಾತಿಯದು.

ಪ್ರತಿವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬ ರೂಢಿ ಇದೆ. ಗೊಂಬೆ ಮೆಟ್ಟಿಲನ್ನು ಪೂಜೆಯ ಜೊತೆಗೆ ಚರಿತ್ರೆಯ ದಾಖಲೆಯನ್ನಾಗಿಯೂ ಮಾಡಿದ್ದು ಈ ರೂಢಿಯೇ. ಗಣಪತಿ ಪ್ರತಿವರ್ಷ ಹೊಸಬ, ಪ್ರತಿವರ್ಷ ನೀರಿಗೆ ಹೋಗುವವನು. ಗೊಂಬೆಗಳಿಗೆ ವಿಸರ್ಜನೆ ಇಲ್ಲ. ಬಂದವರೆಲ್ಲ ಉಳಿಯುತ್ತಾರೆ. ಜರ್ಮನಿಯ ಪಿಂಗಾಣಿ ಹುಡುಗಿ, ಯುದ್ಧಕ್ಕೆ ಮೊದಲು ಪೇಟೆಗೆ ಬರುತ್ತಿದ್ದ ಜಪಾನಿನ ಸೆಲ್ಯುಲಾಯ್ಡ್ ಮಗು, ದಂಡಿಗೆ ಹೊರಟ ಗಾಂಧೀಜಿ, ಗುಲಾಬಿಯ ನೆಹರು, ಕ್ರಿಕೆಟ್ ತಂಡ, ಬಾಹ್ಯಾಕಾಶ ಯಾತ್ರಿ, ಎಲ್ಲರೂ ಒಂದೇ ಸಾಲಿನಲ್ಲಿ. ಮನೆಯವರ ರಾಜಕೀಯ, ಪ್ರವಾಸ, ವರ್ಗಾವಣೆ, ಸಂಬಳ ಎಲ್ಲವನ್ನೂ ಆ ಸಾಲಿನಲ್ಲಿ ಓದಬಹುದು. ರೈಲ್ವೆಯಲ್ಲಿ ಕೆಲಸ ಮಾಡಿದವರ ಮನೆಯಲ್ಲಿ ಕೊಂಡಪಲ್ಲಿಯ ಎತ್ತಿನಗಾಡಿ, ಬಂಗಾಳದ ಕೃಷ್ಣನಗರದ ಮಣ್ಣಿನ ಮುದುಕ, ಪಣ್ರುಟ್ಟಿಯ ದೇವರುಗಳು ಜೊತೆಗೂಡಿರುವುದು ಸಾಮಾನ್ಯ.

ಕರ್ನಾಟಕದೊಳಗಿನ ಗೊಂಬೆಗಳಿಗೆ ಎರಡು ದೊಡ್ಡ ತವರು. ಒಂದು ಚನ್ನಪಟ್ಟಣ. ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆ ಕಲಿಸಿದ ಎಂಬ ಹೇಳಿಕೆ ಅಲ್ಲಿದೆ. ಆಧುನಿಕ ಕಾಲದಲ್ಲಿ ಅದಕ್ಕೆ ರೂಪ ಕೊಟ್ಟವರೆಂದು ಬಾವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಹಾಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಗರಿ ಹಿಡಿದು ಉಜ್ಜಿದಾಗ ಹೊಳಪು. ಕುಂಚದ ಕೆಲಸವೇ ಕಡಿಮೆ. ಈ ಕಸುಬಿನಲ್ಲಿ ಬಹಳ ಮಂದಿ ಮುಸ್ಲಿಮರು. ಅಗ್ರಹಾರದ ಮನೆಯ ನವರಾತ್ರಿಯ ಮೆಟ್ಟಿಲಲ್ಲಿ ಅವರ ಕೈಯ ಕೆಲಸ ತಲೆಮಾರುಗಳಿಂದ ಕೂತಿದೆ. ಮಡಿ ಮೈಲಿಗೆಯ ಲೆಕ್ಕ ಇಡುತ್ತಿದ್ದ ಅಜ್ಜಿಯರೂ ಇದಕ್ಕೆ ತಕರಾರು ತೆಗೆಯಲಿಲ್ಲ.

ಇನ್ನೊಂದು ತವರು ಕೊಪ್ಪಳದ ಪಕ್ಕದ ಕಿನ್ನಾಳ. ಅಲ್ಲಿನ ಚಿತ್ರಗಾರರದು ಬೇರೆಯೇ ವಿಧಾನ. ಹಗುರ ಮರವನ್ನು ತುಂಡು ತುಂಡಾಗಿ ಕೆತ್ತಿ, ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟಿನ ಹದದಿಂದ ಜೋಡಿಸಿ, ಬಟ್ಟೆಯ ಚಿಂದಿ ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು ನಯಗೊಳಿಸಿ ಬಣ್ಣ ಹಾಕುತ್ತಾರೆ. ಗರುಡ, ಗೌರಿ, ಕಾಮಧೇನು ಅಲ್ಲಿಯ ಹೆಸರಾಂತ ರೂಪಗಳು. ತಮ್ಮ ಹಿರಿಯರು ವಿಜಯನಗರದ ಆಶ್ರಯದಲ್ಲಿದ್ದವರು ಎಂದು ಕಿನ್ನಾಳದವರು ಹೇಳಿಕೊಳ್ಳುತ್ತಾರೆ. ಮಹಾನವಮಿ ದಿಬ್ಬ ಅಲ್ಲಿಂದ ದೂರವೇನಿಲ್ಲ.

ಆದರೆ ಅದೇ ಸೀಮೆಯ ಮನೆಗಳಲ್ಲಿ ಗೊಂಬೆ ಮೆಟ್ಟಿಲು ಅಪರೂಪ. ಉತ್ತರ ಕರ್ನಾಟಕದ ನವರಾತ್ರಿಯೆಂದರೆ ಘಟ್ಟ ಹಾಕುವುದು, ಮಣ್ಣಿನಲ್ಲಿ ಧಾನ್ಯ ಮೊಳೆಸುವುದು, ನಂದಾದೀಪ ಕಾಯುವುದು, ದಶಮಿಯ ದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವುದು. ಅಲ್ಲಿನ ಗೊಂಬೆಗಳಿಗೆ ಬೇರೆ ಋತು: ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಗೌರಿ ಹುಣ್ಣಿಮೆಗೆ ಸಕ್ಕರೆಯ ಆನೆ, ಕುದುರೆ, ನವಿಲು. ಹುಡುಗಿಯರು ಆರತಿ ತಟ್ಟೆಯಲ್ಲಿ ಅವನ್ನಿಟ್ಟುಕೊಂಡು ಗೌರಿಯ ಗುಡಿಗೆ ಹೋಗುತ್ತಾರೆ, ಬಂದ ಮೇಲೆ ತಿಂದು ಮುಗಿಸುತ್ತಾರೆ. ಕರಾವಳಿಯಲ್ಲಿ ದಸರೆಗೆ ಹುಲಿವೇಷ; ತಾಸೆಯ ಸದ್ದಿನ ಎದುರು ಕೂತ ಗೊಂಬೆಯನ್ನು ಯಾರು ನೋಡುತ್ತಾರೆ? ಹಳೆ ಮೈಸೂರಿನಲ್ಲೂ ಗೊಂಬೆ ಎಲ್ಲರ ಹಬ್ಬವಾಗಿರಲಿಲ್ಲ. ಅಟ್ಟ, ಟ್ರಂಕು, ಒಂಬತ್ತು ದಿನ ಬಿಡಬಹುದಾದ ಒಂದು ಕೋಣೆ ಇದ್ದವರಿಗೆ ಮಾತ್ರ ಅದು ಸಾಧ್ಯವಿತ್ತು. ಬ್ರಾಹ್ಮಣ, ಅರಸು, ವೈಶ್ಯ ಮನೆಗಳಲ್ಲಿ ಹೆಚ್ಚು. ಆಯುಧಪೂಜೆ ಎಲ್ಲರದು, ಗೊಂಬೆ ಕೆಲವರದು.

ಗೊಂಬೆ ಇಲ್ಲದ ಮನೆಯ ಮಕ್ಕಳಿಗೂ ಆ ಹಬ್ಬದಲ್ಲಿ ಒಂದು ಪಾಲು ಇತ್ತು. ದಸರಾ ರಜೆ ಶುರುವಾಗಿದೆ. ಸಂಜೆ ಐದೂವರೆ. ಅಗ್ರಹಾರ, ಚಾಮುಂಡಿಪುರಂ, ಒಂಟಿಕೊಪ್ಪಲು, ಇತ್ತ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ — ಯಾವ ಬೀದಿಯಾದರೂ ಸರಿ, ಏಳೆಂಟು ಮಕ್ಕಳ ಗುಂಪು, ಕೈಯಲ್ಲಿ ಅಲ್ಯೂಮಿನಿಯಂ ಡಬ್ಬ. ಬಾಗಿಲಲ್ಲಿ ನಿಂತು ಒಂದೇ ರಾಗ: “ರೀ, ಬೊಂಬೆ ಕೂರ್ಸಿದ್ದೀರಾ?”

ಕೂರಿಸಿದ್ದರೆ ಒಳಗೆ ಕರೆ. ಗೊಂಬೆ ನೋಡಿದಂತೆ ಮಾಡಬೇಕು. ಹಾಡು ಬಂದರೆ ಹಾಡಬೇಕು, ಬಾರದಿದ್ದರೆ ಪಕ್ಕದವಳನ್ನು ಮುಂದಕ್ಕೆ ತಳ್ಳಬೇಕು. ಆಮೇಲೆ ಬೊಂಬೆ ಬಾಗಿನ: ಕೋಡುಬಳೆ, ರವೆ ಉಂಡೆ, ಕೊಬ್ಬರಿ ಮಿಠಾಯಿ, ಕೆಲವು ಕಡೆ ಬರೀ ಪುರಿ ಮತ್ತು ಹುರಿಗಡಲೆ. ಯಾರ ಮನೆಯಲ್ಲಿ ಏನು ಎಂಬ ಸುದ್ದಿ ಬೀದಿಯ ಆ ಕೊನೆಯಿಂದ ಈ ಕೊನೆಗೆ ಹತ್ತು ನಿಮಿಷದಲ್ಲಿ ಮುಟ್ಟುತ್ತಿತ್ತು. ಒಂಬತ್ತೂ ದಿನ ಬೇರೆ ಬೇರೆ ತಿಂಡಿ ಮಾಡುವ ಮನೆಗೆ ನೂಕುನುಗ್ಗಲು. ಪುರಿಯ ಮನೆಗೆ ಮಕ್ಕಳು ಕೊನೆಯಲ್ಲಿ ಹೋಗುತ್ತಿದ್ದರು, ಡಬ್ಬದಲ್ಲಿ ಜಾಗ ಉಳಿದಿದ್ದರೆ. ಜಾತಿ ಕೇಳಿ ಬಾಗಿಲು ತೆರೆಯುವ ಮನೆಗಳೂ ಇದ್ದವು. ಹೊಸ್ತಿಲಾಚೆಯೇ ಡಬ್ಬಕ್ಕೆ ಹಾಕಿ ಕಳಿಸಿದವರೂ ಇದ್ದರು. ನೆನಪಿನ ಬರಹಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ದಶಮಿಯ ರಾತ್ರಿ ಆರತಿ ಆದ ಮೇಲೆ ಒಂದು ಗೊಂಬೆಯನ್ನು ಮಲಗಿಸುತ್ತಾರೆ. ಅಲ್ಲಿಗೆ ದರ್ಬಾರು ಬರಖಾಸ್ತು. ಅರಮನೆಯಲ್ಲೂ ಹಾಗೆಯೇ. ಭಾಗ ಭಾಗವಾಗಿ ಬಿಚ್ಚಿಟ್ಟ ರತ್ನಸಿಂಹಾಸನವನ್ನು ಭದ್ರತಾ ಕೋಣೆಯಿಂದ ತಂದು ನವರಾತ್ರಿಗೆ ಜೋಡಿಸುತ್ತಾರೆ, ಹಬ್ಬ ಮುಗಿದ ಮೇಲೆ ಮತ್ತೆ ಬಿಚ್ಚಿಡುತ್ತಾರೆ.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜಪದವಿಗಳ ಮಾನ್ಯತೆಯನ್ನೂ ರದ್ದುಪಡಿಸಿತು. ಜಂಬೂಸವಾರಿ ಸರ್ಕಾರದ ನಾಡಹಬ್ಬವಾಯಿತು. ರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿ. ಅರಮನೆಯ ದರ್ಬಾರು ಖಾಸಗಿ ದರ್ಬಾರಾಯಿತು, ಎಂದರೆ ಕಾನೂನಿನ ದೃಷ್ಟಿಯಲ್ಲಿ ಅದೂ ಒಂದು ಮನೆಯ ಹಬ್ಬ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಮುಂದಿನ ದಸರೆಗೆ ಸಿಂಹಾಸನದ ಮೇಲೆ ಕೂರುವವರೇ ಇರಲಿಲ್ಲ. 2014ರಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ದರ್ಬಾರು ನಡೆಸಿದರು. ದತ್ತು ಬಂದ ಯದುವೀರರಿಗೆ 2015ರ ಮೇ ತಿಂಗಳಲ್ಲಿ ಪಟ್ಟವಾಯಿತು. ಕತ್ತಿಯೇ ದರ್ಬಾರು ನಡೆಸಿದ ಆ 2014ರ ದಸರೆಯಲ್ಲೂ ಮೈಸೂರಿನ ನಡುಕೋಣೆಗಳ ಮೂರನೇ ಮೆಟ್ಟಿಲಿನಲ್ಲಿ ಪೇಟ ತೊಟ್ಟ ಮಹಾರಾಜರು ಎಂದಿನಂತೆ ಸಿಂಹಾಸನದ ಮೇಲೆ ಕೂತೇ ಇದ್ದರು. 2020ರಲ್ಲಿ ಕೊರೊನಾದಿಂದಾಗಿ ಜಂಬೂಸವಾರಿ ಅರಮನೆಯ ಆವರಣ ಬಿಟ್ಟು ಹೊರಬರಲಿಲ್ಲ. ಮನೆಗಳಲ್ಲಿ ಗೊಂಬೆ ಕೂತವು, ಆರತಿಗೆ ಬಂದವರು ವಿಡಿಯೊ ಕರೆಯಲ್ಲಿ ಬಂದರು. ಒಟ್ಟಾರೆ ನೋಡಿದರೆ ದಸರೆಯ ಎರಡು ದರ್ಬಾರುಗಳಲ್ಲಿ ಗಟ್ಟಿಯಾಗಿ ಉಳಿದದ್ದು ಹೆಂಗಸರದ್ದೇ.

ಉಳಿದಿದೆ, ಆದರೆ ಬದಲಾಗಿದೆ. ಡಬ್ಬ ಹಿಡಿದ ಗುಂಪು ಈಗ ಅಪಾರ್ಟ್‌ಮೆಂಟಿನ ಗೇಟು ದಾಟಲಾರದು. ವಾಟ್ಸಾಪಿನಲ್ಲಿ ಆಹ್ವಾನ ಬಂದವರಷ್ಟೇ ಬರುತ್ತಾರೆ. ಮಡಚಿಡಬಹುದಾದ ಮೆಟ್ಟಿಲು ಆನ್‌ಲೈನಿನಲ್ಲಿ ಸಿಗುತ್ತದೆ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಗೊಂಬೆ ನೋಡಲು ಶನಿವಾರ, ಭಾನುವಾರದ ಸಮಯ ಹಂಚಿಕೆ ನಡೆಯುತ್ತದೆ. ಅಲ್ಲಿ ಹುಟ್ಟಿದ ಮಕ್ಕಳು ಅದೇ ಋತುವಿನ ಹ್ಯಾಲೋವೀನ್‌ಗೆ ಚೀಲ ಹಿಡಿದು ಮನೆಮನೆ ಸುತ್ತುವುದನ್ನು ಕಂಡಾಗ ಮೈಸೂರಿನಿಂದ ಹೋದ ಅಜ್ಜಿಯರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಹೊಸ ಫ್ಯಾಷನ್ನು ‘ಥೀಮ್’ ಗೊಂಬೆಗಳದು. ಈ ವರ್ಷ ತಿರುಪತಿ ಬ್ರಹ್ಮೋತ್ಸವ, ಮುಂದಿನ ವರ್ಷ ಅಯೋಧ್ಯೆ, ಇಡೀ ಕೋಣೆ ಅದರದೇ ದೃಶ್ಯ. ಸ್ಪರ್ಧೆಗಳಲ್ಲಿ ಬಹುಮಾನವೂ ಅಂಥವಕ್ಕೇ. ಕಷ್ಟಪಟ್ಟು ಮಾಡುತ್ತಾರೆ, ಚೆನ್ನಾಗಿಯೂ ಇರುತ್ತದೆ. ಆದರೆ ಒಂದೇ ಅಂಗಡಿಯಿಂದ ಒಂದೇ ದಿನ ಬಂದ ಐವತ್ತು ಗೊಂಬೆಗಳಲ್ಲಿ ಮನೆಯ ಸುದ್ದಿ ಏನೂ ಇರುವುದಿಲ್ಲ. ರಾಮನ ಪಕ್ಕ ರೋಡ್ ರೋಲರ್, ಅದರ ಪಕ್ಕ ಬಾಲ ಮುರಿದ ಜಪಾನಿ ನಾಯಿ ಇರುವ ಅಸ್ತವ್ಯಸ್ತ ಮೆಟ್ಟಿಲೇ ಹೆಚ್ಚು ಮಾತಾಡುತ್ತದೆ. ಹೊಸ ಮನೆಗೆ ಹೋಗುವಾಗ, ಅಜ್ಜಿ ತೀರಿಕೊಂಡಾಗ, ಇಂಥ ಹಳೆಯ ಗೊಂಬೆಗಳೇ ಮೊದಲು ಅರಳಿಕಟ್ಟೆ ಸೇರುವುದು ದುರದೃಷ್ಟ. ಒಡೆದ ದೇವರನ್ನು ಮನೆಯಲ್ಲಿಡಬಾರದು ಎಂಬ ನೆಪ ಸಿದ್ಧವಾಗಿರುತ್ತದೆ. ರೋಡ್ ರೋಲರ್ ಯಾವ ದೇವರು?

ಗೊಂಬೆ ತೊಟ್ಟಿಯ ಗೊಂಬೆಗಳಿಗೆ ಕಾವಲುಗಾರರಿದ್ದಾರೆ, ಫಲಕಗಳಿವೆ. ಮನೆಯ ಗೊಂಬೆಗೆ ಇರುವುದು ಅದನ್ನು ತಂದವರ ನೆನಪು ಮಾತ್ರ. ಅವರು ಹೋದರೆ ಅದೂ ಹೋಗುತ್ತದೆ. ಈ ಸಲ ಟ್ರಂಕು ಇಳಿಸಿದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದೇ ಗೊಂಬೆಯನ್ನು ಅವರ ಕೈಗೆ ಕೊಡಿ. ಯಾರು ತಂದದ್ದು, ಯಾವ ಊರಿನಿಂದ, ಯಾವ ವರ್ಷ, ಎಷ್ಟು ಕೊಟ್ಟು ಎಂದು ಕೇಳಿ, ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಗೊಂಬೆಯ ತಳಕ್ಕೆ ಅಂಟಿಸಿ. ಶಾಯಿಯಲ್ಲಿ ಬರೆಯಬೇಡಿ, ತೇವಕ್ಕೆ ಹರಡುತ್ತದೆ.